ಹಜಾರದ ಮಾತು: ಕೊರಿಯದ ಕಥೆಗಳೂ ನಮ್ಮ ಕ್ವಾರ್ಟರ್ಸೂ

“ಈ ಮೂರು ತಿಂಗಳಲ್ಲಿ ಏನು ಓದಿದಿರಿ?” ಎಂದು ಸಂಘದ ಸಭೆಯಲ್ಲಿ ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಓದಿದ್ದು ಕಡಿಮೆ, ನೋಡಿದ್ದು ಹೆಚ್ಚು. ಅದೂ ಕನ್ನಡವಲ್ಲ, ಹಿಂದಿಯಲ್ಲ, ಕೊರಿಯಾ ದೇಶದ ಧಾರಾವಾಹಿಗಳು ಎಂದೆವು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕದಲ್ಲಿದ್ದ ಅವರ ಮನೆಯವರು ಮಾತ್ರ ಕುರ್ಚಿಯನ್ನು ನಮ್ಮತ್ತ ಎಳೆದುಕೊಂಡು, “ಆ ಕಿತ್ತಳೆ ಹಣ್ಣಿನ ದ್ವೀಪದ್ದು ನೋಡಿದಿರಾ?” ಎಂದು ಪಿಸುಗುಟ್ಟಿದರು. ಈ ಸಲದ ಹಜಾರದ ಮಾತು ಆಕೆಗೂ, ಆಕೆಯಂತೆ ಗುಟ್ಟಾಗಿ ನೋಡುತ್ತಿರುವ ಇತರ ಸೋದರಿಯರಿಗೂ ಮೀಸಲು. ಗಂಡಸರು ಓದಬಾರದೆಂದೇನಿಲ್ಲ. ಓದುತ್ತಾರೆಂಬುದೂ ನಮಗೆ ಗೊತ್ತು.

ಮೊದಲು ನಮ್ಮ ಅರ್ಹತೆಯನ್ನು ಹೇಳಿಬಿಡೋಣ. ೧೯೮೪ರಲ್ಲಿ ದೂರದರ್ಶನದಲ್ಲಿ ‘ಹಮ್ ಲೋಗ್’ ಆರಂಭವಾದಾಗ ಸರೋಜಿನಿ ನಗರದ ನಮ್ಮ ಬ್ಲಾಕಿನಲ್ಲಿ ಟಿ.ವಿ. ಇದ್ದದ್ದು ಎರಡೇ ಮನೆಯಲ್ಲಿ. ಉಳಿದವರೆಲ್ಲ ಚಾಪೆ ಹಿಡಿದು ಅಲ್ಲಿಗೇ. ೧೯೮೭ರಲ್ಲಿ ನಮ್ಮ ಶಂಕರನಾಗ್ ಆಗುಂಬೆಯನ್ನೇ ಮಾಲ್ಗುಡಿಯನ್ನಾಗಿ ಮಾಡಿ ತೋರಿಸಿದಾಗ ಇಡೀ ಬ್ಲಾಕಿಗೆ ‘ಅದು ನಮ್ಮ ಕಡೆಯ ಊರು’ ಎಂದು ಸಾರಿ ಬಂದೆವು. ೨೦೦೬ರ ಸುಮಾರಿಗೆ ಅದೇ ದೂರದರ್ಶನದಲ್ಲಿ ಕೊರಿಯದ ಅರಮನೆ ಅಡುಗೆಯವಳೊಬ್ಬಳ ಕಥೆ ಹಿಂದಿ ಮಾತಿನಲ್ಲಿ ಬಂತು. ‘ಜ್ಯುವೆಲ್ ಇನ್ ದ ಪ್ಯಾಲೆಸ್’ ಎಂದು ಹೆಸರಾದ ಐವತ್ತನಾಲ್ಕು ಕಂತಿನ ಕಥೆ. ಭಕ್ಷ್ಯದಲ್ಲಿನ ಸಿಹಿ ಯಾವುದರದೆಂದು ದೊಡ್ಡವರೆಲ್ಲ ತಲೆ ಕೆರೆದುಕೊಳ್ಳುತ್ತಿರುವಾಗ, ಆ ಪುಟ್ಟ ಹುಡುಗಿ, ಅಗಿದಾಗ ಪರ್ಸಿಮನ್ ಹಣ್ಣಿನ ರುಚಿ ಬಂತು, ಅದಕ್ಕೇ ಪರ್ಸಿಮನ್ ಎಂದೆ ಎನ್ನುತ್ತಾಳೆ. ಅಂದೇ ನಾವು ಸೋತೆವು.

ಆದರೆ ನಿಜವಾದ ದೀಕ್ಷೆ ಕೊಟ್ಟವರು ಎದುರು ಮನೆಯವರು. ಅವರು ಇಂಫಾಲಿನ ಕಡೆಯವರು. ಮಣಿಪುರದಲ್ಲಿ ೨೦೦೦ನೆಯ ಇಸವಿಯಲ್ಲಿ ಒಂದು ಸಶಸ್ತ್ರ ಸಂಘಟನೆ ಹಿಂದಿ ಚಿತ್ರಗಳನ್ನು ತೋರಿಸಕೂಡದೆಂದು ತಡೆಹಾಕಿತು. ಆ ತೆರವಿಗೆ ಕೊರಿಯದ ಅರಿರಾಂಗ್ ವಾಹಿನಿಯೂ ಸಿ.ಡಿ.ಗಳೂ ಬಂದು ಕುಳಿತವು. ಹೀಗಾಗಿ ಈಗ ದೆಹಲಿಯ ಹುಡುಗಿಯರು ಹೊಸದಾಗಿ ಕಂಡುಹಿಡಿದಂತೆ ಕುಣಿಯುತ್ತಿರುವುದನ್ನು ಅವರು ಆಗಲೇ ಅರೆದು ಕುಡಿದಿದ್ದರು. ಸಂಜೆ ಸಿ.ಡಿ.ಯ ಜೊತೆಗೆ ನಮಗೆಂದು ಮೀನು ಹಾಕದೆ ಮಾಡಿದ ಸಿಂಜು ಎಂಬ, ನಮ್ಮ ಕೋಸಂಬರಿಯ ದಾಯಾದಿಯಂಥ ಪದಾರ್ಥ ಒಂದು ಬಟ್ಟಲು ಬರುತ್ತಿತ್ತು. ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ.

ಈಗ ಕಿತ್ತಳೆ ದ್ವೀಪಕ್ಕೆ ಬರೋಣ. ‘ವ್ಹೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್’ ೨೦೨೫ರ ಮಾರ್ಚ್ ತಿಂಗಳಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂತು. ಹದಿನಾರೇ ಕಂತು, ವಾರಕ್ಕೆ ನಾಲ್ಕರಂತೆ. ಕೊರಿಯದ ದಕ್ಷಿಣಕ್ಕಿರುವ ಜೆಜು ದ್ವೀಪದ ಕಥೆ. ಏ-ಸುನ್ ಎಂಬ ಹುಡುಗಿಯ ತಾಯಿ, ಒಂದೇ ಉಸಿರಿನಲ್ಲಿ ಕಡಲ ತಳಕ್ಕೆ ಮುಳುಗಿ ಚಿಪ್ಪು ಹೆಕ್ಕುವ ಹೆನ್ಯೊ ಹೆಂಗಸರಲ್ಲಿ ಒಬ್ಬಳು. (ಈ ಹೆಂಗಸರ ವಿದ್ಯೆಯನ್ನು ೨೦೧೬ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.) ತಾಯಿ ಇಪ್ಪತ್ತೊಂಬತ್ತಕ್ಕೇ ತೀರಿಕೊಳ್ಳುತ್ತಾಳೆ. ಮಗಳಿಗೆ ಕವಿಯಾಗುವ ಆಸೆ. ಕೈಗೆ ಬಂದದ್ದು ಎಲೆಕೋಸಿನ ವ್ಯಾಪಾರ, ಗ್ವಾನ್-ಶಿಕ್ ಎಂಬ ಬಾಯಿಲ್ಲದ ಒಳ್ಳೆಯ ಗಂಡ, ಅತ್ತೆಮನೆ, ಮಕ್ಕಳು. ಇಷ್ಟೇ ಕಥೆ.

ಆದರೆ ಎರಡು ದೃಶ್ಯಗಳನ್ನು ಹೇಳಲೇಬೇಕು. ಅತ್ತೆಮನೆಯಲ್ಲಿ ಗಂಡಸರಿಗೆ ಒಂದು ಊಟದ ಮಣೆ, ಸೊಸೆಗೂ ಹೆಣ್ಣುಮಗುವಿಗೂ ಬೇರೆ ಇನ್ನೊಂದು. ಒಂದು ದಿನ ಗ್ವಾನ್-ಶಿಕ್ ಬಾಯಿಬಿಟ್ಟು ಏನೂ ಹೇಳದೆ ಕುಳಿತಲ್ಲಿಯೇ ತಿರುಗಿ, ಹಿರಿಯರಿಗೆ ಬೆನ್ನು ಹಾಕಿ, ಹೆಂಡತಿಯ ಮಣೆಯ ಕಡೆಗೆ ಮುಖಮಾಡಿ ಉಣ್ಣಲು ತೊಡಗುತ್ತಾನೆ. ಗಂಡಸರ ಪಂಕ್ತಿ ಎದ್ದ ಮೇಲೆ, ತಳ ಹತ್ತಿದ ಪಾತ್ರೆ ಕೆರೆದು ಉಂಡ ನಮ್ಮ ವಯಸ್ಸಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಯಜಮಾನರು ಪತ್ರಿಕೆಯ ಹಿಂದಿನಿಂದ ಕೆಮ್ಮಿದರು. ಇನ್ನೊಂದು: ಅನ್ನಕ್ಕೆ ಗತಿಯಿಲ್ಲದ ಆ ಎಳೆಯ ದಂಪತಿಗಳ ಅಕ್ಕಿಯ ಗಡಿಗೆಗೆ, ಮನೆ ಬಾಡಿಗೆಗೆ ಕೊಟ್ಟ ಮುದುಕ ಮುದುಕಿಯರು ಗುಟ್ಟಾಗಿ ಅಕ್ಕಿ ಹಾಕಿಹೋಗುತ್ತಾರೆ. ಹಾಕಿದವರು ಹೇಳುವುದಿಲ್ಲ.

ನಮ್ಮನ್ನು ಅಳಿಸಿದ್ದು ಮಾತ್ರ ಇವೆರಡೂ ಅಲ್ಲ. ಏ-ಸುನಳ ಮಗಳು ಓದಿಗೆಂದು ದ್ವೀಪ ಬಿಟ್ಟು ಸಿಯೋಲ್ ನಗರ ಸೇರುತ್ತಾಳೆ. ತನಗಾಗಿ ಸವೆದ ತಾಯಿತಂದೆಯರ ಮೇಲೆಯೇ ಸಿಡುಕುತ್ತಾಳೆ. ಹಿಂದೆ ಟ್ರಂಕ್ ಕಾಲಿನ ಮೂರು ನಿಮಿಷದಲ್ಲಿ ಎರಡು ನಿಮಿಷ ‘ಊಟ ಆಯ್ತಾ, ಚಳಿಗೆ ಏನು ಹೊದೀತೀಯ’ ಎಂದೇ ಕೇಳುತ್ತಿದ್ದ ನಮ್ಮ ಅಮ್ಮನ ಮೇಲೆ ನಾವೂ ರೇಗಿದ್ದುಂಟು. ಕೆ.ಕೆ. ಎಕ್ಸ್‌ಪ್ರೆಸ್ಸಿನಲ್ಲಿ ಬರುವವರ ಕೈಯಲ್ಲಿ ಆಕೆ ಚಟ್ನಿಪುಡಿ ಕಳಿಸಿದಾಗ, ಎಣ್ಣೆ ಸೋರಿ ಅವರ ಸೀರೆ ಹಾಳಾಯಿತಲ್ಲಾ ಎಂದು ಕಾಗದ ಬರೆದದ್ದೂ ಉಂಟು. ಆ ಕಾಗದ ಆಕೆ ತೀರಿಕೊಂಡ ಮೇಲೆ ಆಕೆಯ ಟ್ರಂಕಿನಲ್ಲಿ ಸಿಕ್ಕಿತು. “ಅಜ್ಜೀ, ಯಾಕೆ ಅಳ್ತಿದೀಯ? ಇದು ಬರೀ ಕಥೆ” ಎಂದು ಮೊಮ್ಮಗಳು ಸಮಾಧಾನ ಮಾಡಿದಳು. ಹೌದು, ಕಥೆ.

ಈ ಮೊಮ್ಮಗಳು ಲಾಜಪತ್ ನಗರದಲ್ಲಿರುವ ಕೊರಿಯನ್ ಸಾಂಸ್ಕೃತಿಕ ಕೇಂದ್ರದಲ್ಲಿ ಆ ಭಾಷೆಯನ್ನು ಕಲಿಯುತ್ತಾಳೆ. ಸೆಜಾಂಗ್ ಎಂಬ ರಾಜ ೧೪೪೬ರಲ್ಲಿ ಜನಕ್ಕೆ ಕೊಟ್ಟ ಆ ಲಿಪಿಯನ್ನು ಸರಾಗವಾಗಿ ಓದುತ್ತಾಳೆ. ಈ ಪತ್ರಿಕೆಯನ್ನು ಮಾತ್ರ ಕಾಗುಣಿತ ಹಚ್ಚಿ ಹಚ್ಚಿ ಓದಬೇಕು. ಆದರೂ ಜೆಜು ಕಥೆಯ ಮಾತು ಬಂದಾಗ ಅವಳ ಪಾಂಡಿತ್ಯ ಕೈಕೊಟ್ಟಿತು. “ಅಜ್ಜೀ, ಇದು ನಮಗೆ ಕಲಿಸಿದ ಕೊರಿಯನ್ ಅಲ್ಲವೇ ಅಲ್ಲ” ಎಂದಳು. ಕಥೆಯ ಮೂಲ ಹೆಸರೇ ಜೆಜು ಮಾತಿನದು: ‘ಬಹಳ ದುಡಿದು ದಣಿದಿರಿ’ ಎಂಬ ಉಪಚಾರ. ಸಿಯೋಲಿನವರ ಕಿವಿಗೆ ಅದೇ ‘ಚೆನ್ನಾಗಿ ಮೋಸಹೋದಿರಿ’ ಎಂಬಂತೆ ಕೇಳುತ್ತದಂತೆ! ಮೈಸೂರಿನ ಕಡೆಯವರು ಧಾರವಾಡದವರನ್ನು ‘ತಿಂಡಿ ಆಯ್ತೇ’ ಎಂದು ಕೇಳಿ, ಅಲ್ಲಿ ತಿಂಡಿಯೆಂದರೆ ತುರಿಕೆ ಎಂದು ತಿಳಿದು ನಾಲಿಗೆ ಕಚ್ಚಿಕೊಂಡದ್ದು ದೆಹಲಿಯ ಕನ್ನಡಿಗರಿಗೆ ಹೊಸದಲ್ಲ. ಇದನ್ನು ಹೇಳಿದಾಗ ಹುಡುಗಿ ಬಿದ್ದು ಬಿದ್ದು ನಕ್ಕಳು. ಈಗ ದಿನಾ ಬೆಳಿಗ್ಗೆ ತಾತನನ್ನು ತಿಂಡಿ ಹೇಗಿದೆ ಎಂದು ವಿಚಾರಿಸುತ್ತಾಳೆ.

ದೋಷವಿಲ್ಲವೆಂದಲ್ಲ. ಗ್ವಾನ್-ಶಿಕ್ ಅತಿಯಾಗಿ ಒಳ್ಳೆಯವನು. ಅಂಥ ಗಂಡನನ್ನು ದೇವರು ಟಿ.ವಿ.ಯ ಹೊರಗೆ ಸೃಷ್ಟಿಸಿಲ್ಲ. ಅವನಿಗಿಂತ ಕೂಗಾಡುವ ದೋಣಿಯ ಯಜಮಾನ ಪು ಸಾಂಗ್-ಗಿಲನೇ ಹೆಚ್ಚು ಜೀವಂತ. ಕೊನೆಯ ಕಂತುಗಳಲ್ಲಿ ನಾವು ಅಳುವ ಮೊದಲೇ ಮಗಳ ದನಿ ಬಂದು ಏಕೆ ಅಳಬೇಕೆಂದು ವಿವರಿಸುತ್ತದೆ. ಅದೊಂದು ಉಪದ್ರವ.

೨೦೨೪ರಲ್ಲಿ ಬಂದ ‘ಕ್ವೀನ್ ಆಫ್ ಟಿಯರ್ಸ್’ ಇದಕ್ಕೆ ವಿರುದ್ಧ. ಕೋಟ್ಯಧೀಶರ ಮನೆ, ಹೆಲಿಕಾಪ್ಟರು. ಆದರೂ ಮೊದಲ ಭಾಗ ನಮಗೆ ಹಿಡಿಸಿತು. ಕಾರಣ, ಆ ಮನೆಯ ಶ್ರಾದ್ಧದ ಅಡುಗೆ. ಓದಿದ, ದೊಡ್ಡ ಹುದ್ದೆಯ ಅಳಿಯಂದಿರೆಲ್ಲ ಸಾಲಾಗಿ ಕುಳಿತು, ತಮಗೆ ರಕ್ತಸಂಬಂಧವಿಲ್ಲದ ಪಿತೃಗಳಿಗಾಗಿ ಗೊಣಗುತ್ತ ಕರಿಯುತ್ತಾರೆ. ಸೊಸೆಯರು ಸಾವಿರ ವರ್ಷದಿಂದ ಮಾಡುತ್ತಿರುವುದನ್ನು ಅಳಿಯಂದಿರ ಕೈಯಲ್ಲಿ ಮಾಡಿಸಿದ ಲೇಖಕಿ ಪಾರ್ಕ್ ಜಿ-ಉನ್‌ಗೆ ನಮ್ಮದೊಂದು ನಮಸ್ಕಾರ. ಅಲ್ಲಿಂದ ಮುಂದೆ ಮಿದುಳಿನ ರೋಗ, ಮರೆವು, ಗುಂಡಿನೇಟು: ಹದಿನಾರು ಕಂತು ತುಂಬಿಸಲು ಪಟ್ಟ ಪಾಡು. ಆದರೂ ಹದಿನಾರಕ್ಕೆ ಮುಗಿಯಿತಲ್ಲ! ನಮ್ಮ ಕನ್ನಡದ ಧಾರಾವಾಹಿಗಳಲ್ಲಿ ಸೀಮಂತವೊಂದೇ ಒಂದು ತಿಂಗಳು ನಡೆಯುತ್ತದೆ.

‘ಸ್ಕ್ವಿಡ್ ಗೇಮ್’ ೨೦೨೫ರ ಜೂನ್‌ನಲ್ಲಿ ಮೂರನೆಯ ಭಾಗಕ್ಕೆ ಮುಗಿಯಿತು. ಸಾಲಗಾರರನ್ನು ಮಕ್ಕಳ ಆಟ ಆಡಿಸಿ ಕೊಲ್ಲುವ ಕಥೆ. ಮೊದಲ ಭಾಗದಲ್ಲಿ ದೆಹಲಿಯ ಹುಡುಗ ಅನುಪಮ್ ತ್ರಿಪಾಠಿ ಇದ್ದನೆಂದು ನೋಡಿದೆವು. ಅವನನ್ನು ಮೋಸದಿಂದ ಸಾಯಿಸಿದ ಮೇಲೆ ಮುಂದಿನದರಲ್ಲಿ ನಮಗೆ ಆಸಕ್ತಿ ಉಳಿಯಲಿಲ್ಲ.

ಇವನ್ನೆಲ್ಲ ನಾವು ಅಳೆಯುವ ಸೇರು ಬೇರೊಂದಿದೆ. ೨೦೧೫-೧೬ರ ‘ರಿಪ್ಲೈ ೧೯೮೮’. ಸಿಯೋಲಿನ ಒಂದು ಗಲ್ಲಿ, ಐದು ಕುಟುಂಬ. ಮಿತ್ರನ ಸಾಲಕ್ಕೆ ಜಾಮೀನು ನಿಂತು ನೆಲಮಾಳಿಗೆಗೆ ಇಳಿದ ಬ್ಯಾಂಕ್ ನೌಕರ; ಅಕ್ಕನ ಹುಟ್ಟುಹಬ್ಬದ ಕೇಕಿನಲ್ಲಿಯೇ ತನ್ನದನ್ನೂ ಮುಗಿಸುವರೆಂದು ಅಳುವ ನಡುವಿನ ಮಗಳು. ರಾತ್ರಿ ಊಟದ ಹೊತ್ತಿಗೆ ಮಕ್ಕಳು ಈ ಮನೆಯ ಬಟ್ಟಲನ್ನು ಆ ಮನೆಗೆ, ಆ ಮನೆಯದನ್ನು ಈ ಮನೆಗೆ ಹೊತ್ತು ಓಡಾಡುತ್ತಾರೆ. ನಮ್ಮ ಎರಡಂತಸ್ತಿನ ಕ್ವಾರ್ಟರ್ಸನ್ನು ಕೊರಿಯದವರು ಯಾವಾಗ ಬಂದು ನೋಡಿಕೊಂಡು ಹೋದರೋ ಎನಿಸಿತು.

೨೦೧೬ರಲ್ಲಿ ಸರೋಜಿನಿ ನಗರವೂ ಸೇರಿ ಏಳು ಸರ್ಕಾರಿ ಕಾಲೊನಿಗಳನ್ನು ಕೆಡವಿ ಕಟ್ಟಲು ಕೇಂದ್ರ ಮಂತ್ರಿಮಂಡಲ ಒಪ್ಪಿತು. ೨೦೧೮ರ ಬೇಸಿಗೆಯಲ್ಲಿ ಮರ ಕಡಿಯಬಾರದೆಂದು ಜನ ಬೇವಿನ ಮರಗಳನ್ನು ಅಪ್ಪಿಕೊಂಡು ನಿಂತರು, ಉಚ್ಚ ನ್ಯಾಯಾಲಯ ತಡೆ ಕೊಟ್ಟಿತು. ಆ ಹೊತ್ತಿಗೆ ನಮ್ಮ ಬ್ಲಾಕಿನಲ್ಲಿ ಅರ್ಧ ಮನೆಗಳು ಖಾಲಿ. ಇಂಫಾಲಿನವರಿಗೆ ಗೌಹಾತಿಗೆ ವರ್ಗ. ಗಂಟುಮೂಟೆಗಳ ನಡುವೆ ಅವರ ಮನೆಯ ನೆಲದ ಮೇಲೆ ಕುಳಿತು ಇಬ್ಬರೂ ‘೧೯೮೮’ರ ಕೊನೆಯ ಕಂತು ನೋಡಿದೆವು. ಅದರಲ್ಲಿಯೂ ಗಲ್ಲಿಯನ್ನು ಕೆಡವಿ ಕಟ್ಟುವರೆಂದು ಐದೂ ಮನೆಯವರು ಒಬ್ಬೊಬ್ಬರಾಗಿ ಸಾಮಾನು ಏರಿಸುತ್ತಾರೆ. ಹೀಗಿದೆಯೆಂದು ಆಕೆಗೆ ಮೊದಲೇ ಗೊತ್ತಿತ್ತಂತೆ. “ಒಬ್ಬಳೇ ನೋಡಲಾರೆ ದೀದಿ, ಅದಕ್ಕೇ ಇಟ್ಟುಕೊಂಡಿದ್ದೆ” ಎಂದರು.

ಮುನೀರ್ಕಾದ ಬಾಡಿಗೆ ಮನೆಯಲ್ಲಿ ಕೆಲವು ವರ್ಷ ಕಳೆದೆವು. ೨೦೨೫ರ ಜನವರಿ ೩ರಂದು ಇಲ್ಲಿಯ ಇಪ್ಪತ್ತೆಂಟು ಗೋಪುರಗಳು, ಎರಡೂವರೆ ಸಾವಿರಕ್ಕೂ ಮೀರಿದ ಮನೆಗಳು ಉದ್ಘಾಟನೆಯಾದವು. ಅವುಗಳಲ್ಲೊಂದು ಮಗನ ಹೆಸರಿಗೆ ಬಂತು. ಮನೆ ಚೆನ್ನಾಗಿದೆ, ಸುಳ್ಳೇಕೆ ಹೇಳಬೇಕು. ಸೋರುವುದಿಲ್ಲ, ಲಿಫ್ಟ್ ಇದೆ. ಎದುರು ಬಾಗಿಲಿನವರು ಯಾರೆಂದು ಇನ್ನೂ ಸರಿಯಾಗಿ ತಿಳಿಯದು.

ಕಿತ್ತಳೆ ದ್ವೀಪದ್ದು ಮುಗಿದ ರಾತ್ರಿ ಗೌಹಾತಿಯಿಂದ ದೂರವಾಣಿ ಬಂತು. ಗ್ವಾನ್-ಶಿಕ್ ಅತಿ ಒಳ್ಳೆಯವನೆಂಬ ನಮ್ಮ ಆಕ್ಷೇಪವನ್ನು ಆಕೆ ಒಪ್ಪಲಿಲ್ಲ. ಅರ್ಧ ಗಂಟೆ ಜಗಳವಾಡಿದೆವು. ಫೋನ್ ಇಡುವಾಗ, ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ತಮ್ಮ ಒಂದು ಬಟ್ಟಲು ನಮ್ಮಲ್ಲೇ ಉಳಿಯಿತೇನೋ ಎಂದರು. ಉಳಿದಿದೆ. ನಾಳೆ ಶುಕ್ರವಾರ, ಕೋಸಂಬರಿ ಮಾಡುವುದಿದೆ. ಅದರಲ್ಲೇ ಹಾಕಿ ಎದುರು ಬಾಗಿಲಿಗೆ ಕೊಟ್ಟು ಬರೋಣವೆಂದಿದ್ದೇವೆ. ಬಟ್ಟಲು ನಮ್ಮದಲ್ಲ, ಹಿಂದಿರುಗಿಸಬೇಕೆಂದು ಮೊದಲೇ ಹೇಳಿ.