ಮನೆ ಖಾಲಿ ಮಾಡಿದ ಲೆಕ್ಕ

ರಜೆಗೆ ಸುರಪುರಕ್ಕೆ ಬಂದ ಮೊಮ್ಮಗಳು ಮೊಬೈಲಿನಲ್ಲಿ ಫಿನ್‌ಲೆಂಡಿನ ಮನೆಯೊಂದನ್ನು ತೋರಿಸಿದಳು. "ಅಜ್ಜಾ, ಈ ಮನ್ಯಾಗ ಸಾಮಾನೇ ಇಲ್ಲ ನೋಡು!" ಬೂದುಬಣ್ಣದ ಕಾಂಕ್ರೀಟ್ ಗೋಡೆ, ಬಣ್ಣ ಬಳಿಯದ ಕಟ್ಟಿಗೆ, ಆಳೆತ್ತರದ ಗಾಜಿನ ಕಿಟಕಿ. ಮೂಲೆಯಲ್ಲೊಂದು ಮೂರು ಕಾಲಿನ ಸ್ಟೂಲು. ಅಂಥ ಸ್ಟೂಲನ್ನು ಆಲ್ವಾರ್ ಆಲ್ಟೊ ಎಂಬ ವಾಸ್ತುಶಿಲ್ಪಿ 1933ರಲ್ಲಿ ಬರ್ಚ್ ಮರದಿಂದ ರೂಪಿಸಿದರು. ಬೇಡವಾದಾಗ ಒಂದರ ಮೇಲೊಂದು ಪೇರಿಸಿಡಬಹುದು.

ನಮ್ಮ ಮಾಳಿಗೆ ಮನೆ ಕೆಡವಿ ಹೊಸದು ಕಟ್ಟುವ ಮಾತು ನಡೆದಿತ್ತು. ಮಗನಿಗೂ ಅಂಥದೇ ಗಾಜಿನ ಕಿಟಕಿ ಬೇಕು. ಮೊಮ್ಮಗಳಿಗೆ ಒಂದು ಲೆಕ್ಕ ಕೊಟ್ಟೆ: ಡಿಸೆಂಬರಿನಲ್ಲಿ ಹೆಲ್ಸಿಂಕಿಯ ಹಗಲು ಸುಮಾರು 6 ತಾಸು. ಬೆಳಕನ್ನು ಒಳಗೆ ಕರೆಯಲು ಅವರಿಗೆ ದೊಡ್ಡ ಕಿಟಕಿ. ನಮ್ಮಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ನಮ್ಮ ಕಿಟಕಿ ಹೇಗಿರಬೇಕು?

ಅವಳು ಮನೆಯೆಲ್ಲ ಸುತ್ತಿದಳು. ದಪ್ಪ ಕಲ್ಲುಗೋಡೆ, ಅದರಲ್ಲೇ ಗೂಡು, ತೊಲೆ ಜಂತಿಗಳ ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ, ಕಾಲಡಿ ತಣ್ಣನೆಯ ಶಹಾಬಾದ್ ಕಲ್ಲು. "ಅಜ್ಜಾ, ನಮ್ಮದೂ ಹಂಗೇ ಅದ. ಆದ್ರ ಸಾಮಾನಿನಾಗ ಮುಚ್ಚಿಹೋಗ್ಯದ!"

ಮಾತು ನಾಟಿತು. ಬ್ಯಾಂಕಿನಲ್ಲಿ ದುಡಿದವನು ನಾನು, ಒಂದು ಚೀಟಿ ಎಸೆಯಲೂ ಕೈ ಬಾರದು. ಹಳೇ ಕ್ಯಾಲೆಂಡರು, ಮುರಿದ ಛತ್ರಿ, ಖಾಲಿ ಡಬ್ಬಿ. ಎರಡು ದಿನ ಇಬ್ಬರೂ ಸೇರಿ ಹೊರಹಾಕಿದೆವು. ಅವಳ ಅಜ್ಜಿ ರೊಟ್ಟಿ ಬಡಿಯಲು ಕೂರುತ್ತಿದ್ದ ಕಟ್ಟಿಗೆ ಮಣೆ ಮಾತ್ರ ಪಡಸಾಲೆಯಲ್ಲಿ ಉಳಿಯಿತು.

ಶಹಾಪುರದಿಂದ ಬಂದ ಮಗ ಅದೇ ಮಣೆಯ ಮೇಲೆ ಬಹಳ ಹೊತ್ತು ಕುಳಿತ. ಕೆಡವುವ ಮಾತು ಸದ್ಯಕ್ಕೆ ನಿಂತಿದೆ.

ಮಕ್ಕಳೇ, ನಿಮ್ಮ ಮನೆಯ ಒಂದು ಮೂಲೆ ಖಾಲಿ ಮಾಡಿ ನೋಡಿ. ಯಾವುದು ಉಳಿಯಬೇಕೆಂದು ಮೊದಲು ಅಜ್ಜಿಯನ್ನು ಕೇಳಿ.