ಹಸಿ ತರಕಾರಿಯ ಸುರುಳಿ: ಹೆದರಿಕೆ ಬೇಡ, ಎಚ್ಚರಿಕೆ ಇರಲಿ

ಮೊನ್ನೆ ಕಟ್ಟಾಯದ ತಾಯಿಯೊಬ್ಬರು ಕಾಲೇಜು ಓದುವ ಮಗಳನ್ನು ನನ್ನ ಮುಂದೆ ಕೂರಿಸಿ ದೂರು ಹೇಳಿದರು. "ಡಾಕ್ಟ್ರೇ, ಬೆಂಗಳೂರಿಂದ ಬಂದಾಗಿನಿಂದ ಅದೇನೋ ವಿಯೆಟ್ನಾಂ ರೋಲ್ ಅಂತೆ, ಹಸಿ ತರಕಾರಿ ಸುತ್ಕೊಂಡು ತಿಂತಾಳೆ. ಬೇಯ್ಸೋದೂ ಇಲ್ಲ, ಕರಿಯೋದೂ ಇಲ್ಲ. ಹೊಟ್ಟೇಲಿ ಹುಳ ಆಗಲ್ವಾ? ನೀವೇ ಬುದ್ಧಿ ಹೇಳಿ."

ಹತ್ತು ವರ್ಷದ ಹಿಂದಾಗಿದ್ದರೆ ನಾನು ತಾಯಿಯ ಪರವಾಗಿಯೇ ಮಾತನಾಡುತ್ತಿದ್ದೆ. 'ಹಸಿಯದು ಏನೂ ಬೇಡ, ಎಲ್ಲವನ್ನೂ ಬೇಯಿಸಿ' ಎನ್ನುವುದು ಆಗ ನನ್ನ ಸಲಹೆ. ಅದನ್ನು ನಂಬಿದ ಕೆಲವು ಮನೆಗಳಲ್ಲಿ ಕೋಸಂಬರಿ ನಿಂತುಹೋಯಿತು. ಮಕ್ಕಳು ಸಂಜೆ ಗೋಬಿ ಮಂಚೂರಿ ಗಾಡಿಯ ಮುಂದೆ ನಿಲ್ಲುವುದು ಮಾತ್ರ ನಿಲ್ಲಲಿಲ್ಲ. ನನ್ನ ಸಲಹೆ ಅರ್ಧ ಸರಿ, ಅರ್ಧ ತಪ್ಪು.

ತಾಯಿಯ ಭಯಕ್ಕೆ ಕಾರಣವಿದೆ. ಹಂದಿ ಮಾಂಸದ ಮೂಲಕ ಬರುವ ಲಾಡಿಹುಳು ಮನುಷ್ಯನ ಕರುಳಿನಲ್ಲಿ ಬೆಳೆಯುತ್ತದೆ. ಅದರ ಮೊಟ್ಟೆಗಳು ಮಲದಲ್ಲಿ ಹೊರಬಂದು ಕೊಳಚೆ ನೀರು, ತೊಳೆಯದ ಕೈಗಳ ಮೂಲಕ ತರಕಾರಿಗೆ ಅಂಟುತ್ತವೆ. ಅವು ಹೊಟ್ಟೆ ಸೇರಿದರೆ ಮರಿಗಳು ಮಿದುಳಿನಲ್ಲಿ ನೆಲೆಸಿ ಫಿಟ್ಸ್ ಬರಬಹುದು. ಆದ್ದರಿಂದಲೇ ಶುದ್ಧ ಸಸ್ಯಾಹಾರಿಗಳಿಗೂ ಈ ರೋಗ ಬರುತ್ತದೆ. ಆದರೆ ಇಲ್ಲಿ ತಪ್ಪು ತರಕಾರಿಯದಲ್ಲ, ಕೊಳಕಿನದು. ಉಪ್ಪುನೀರಿನಲ್ಲಿ ನೆನೆಸಿದ ಮಾತ್ರಕ್ಕೆ ಮೊಟ್ಟೆಗಳು ಸಾಯುವುದಿಲ್ಲ. ಹರಿಯುವ ಶುದ್ಧ ನೀರಿನಲ್ಲಿ ಒಂದೊಂದನ್ನೂ ಉಜ್ಜಿ ತೊಳೆಯಬೇಕು. ಸೊಪ್ಪನ್ನು ಎಲೆ ಎಲೆ ಬಿಡಿಸಬೇಕು. ಕ್ಯಾರೆಟ್, ಸೌತೆಕಾಯಿಯ ಸಿಪ್ಪೆ ತೆಗೆಯಬೇಕು. ಕೈಗೆ ಸೋಪು ಹಾಕಬೇಕು.

ಇನ್ನು ಮಗಳ ರೋಲ್ ನಮಗೇನೂ ಹೊಸದಲ್ಲ. ವಿಯೆಟ್ನಾಮಿನವರು ಅಕ್ಕಿಯ ತೆಳು ಹಾಳೆಯನ್ನು ನೀರಿನಲ್ಲಿ ಮೆದುಮಾಡಿ, ಶಾವಿಗೆ, ಸೊಪ್ಪು, ಸಾಮಾನ್ಯವಾಗಿ ಸೀಗಡಿ ಮತ್ತು ಹಂದಿ ಮಾಂಸ ಇಟ್ಟು ಸುತ್ತುತ್ತಾರೆ. ಮಾಂಸದ ಬದಲು ಕಾಳು ಹಾಕಿದರೆ ಹಾಲು, ತುಪ್ಪವೂ ಇಲ್ಲದ ಪೂರ್ಣ ಸಸ್ಯಾಹಾರವಾಯಿತು. ನಮ್ಮ ಶಾವಿಗೆ, ಕೋಸಂಬರಿ, ಚಟ್ನಿ ಒಂದೇ ಕಡೆ ಸೇರಿದಂತೆ.

ಅಕ್ಕಿ ಹಾಳೆ ಸಿಗದಿದ್ದರೆ ತೆಳುವಾದ ನೀರುದೋಸೆ ಸಾಕು. ದೋಸೆ ಆರಿದ ಮೇಲೆ ಒಂದು ಹಿಡಿ ಅಕ್ಕಿ ಶಾವಿಗೆ, ಹಬೆಯಲ್ಲಿ ಚೆನ್ನಾಗಿ ಬೇಯಿಸಿದ ಮೊಳಕೆ ಹೆಸರುಕಾಳು, ಸಣ್ಣಗೆ ಹೆಚ್ಚಿದ ಕ್ಯಾರೆಟ್, ಸೌತೆಕಾಯಿ, ಪುದೀನ, ಕೊತ್ತಂಬರಿ ಇಟ್ಟು ಬಿಗಿಯಾಗಿ ಸುತ್ತಿ. ಮೊಳಕೆಯನ್ನು ಮಾತ್ರ ಹಸಿಯಾಗಿ ಹಾಕಬೇಡಿ. ಮೊಳಕೆ ಬರಿಸುವ ತೇವ, ಬೆಚ್ಚನೆಯ ಜಾಗ ರೋಗಾಣುಗಳಿಗೂ ಇಷ್ಟ. ಹುರಿದ ಕಡಲೆಕಾಯಿ ಬೀಜಕ್ಕೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಚೂರು ಬೆಲ್ಲ, ನಿಂಬೆರಸ ಸೇರಿಸಿ ರುಬ್ಬಿದರೆ ಚಟ್ನಿ. ಬೂಸ್ಟು ಹಿಡಿದ ಬೀಜವನ್ನು ಬಿಸಾಡಿ, ಅದರ ವಿಷ ಯಕೃತ್ತಿಗೆ ಕೇಡು. ಸುತ್ತಿದ್ದನ್ನು ಅಂದೇ, ಆದಷ್ಟು ಬೇಗ ತಿನ್ನಿ. ನಿಂಬೆಯ ಸಿ ಜೀವಸತ್ವದಿಂದ ಕಾಳು, ಸೊಪ್ಪಿನ ಕಬ್ಬಿಣ ಹೆಚ್ಚು ಒಗ್ಗುತ್ತದೆ. ರಕ್ತಹೀನತೆ ಸಾಮಾನ್ಯವಾಗಿರುವ ನಮ್ಮ ಹೆಣ್ಣುಮಕ್ಕಳಿಗೆ ಇದು ಸಣ್ಣ ಲಾಭವಲ್ಲ.

ಎರಡು ಮಾತು ನೆನಪಿಡಿ. ಸಕ್ಕರೆ ಕಾಯಿಲೆಯವರಿಗೆ ದೋಸೆಯೂ ಅಕ್ಕಿ, ಶಾವಿಗೆಯೂ ಅಕ್ಕಿ. ಅವರು ಶಾವಿಗೆ ಬಿಟ್ಟು ತರಕಾರಿ, ಕಾಳು ಹೆಚ್ಚಿಸಲಿ. ಹಾಲು, ಮೊಸರನ್ನೂ ಬಿಟ್ಟವರು ಬಿ12 ಜೀವಸತ್ವದ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಯಾವ ಸೊಪ್ಪು, ಕಾಳಿನಿಂದಲೂ ಅದು ಸಿಗದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ ಹೇಳುತ್ತದೆ. ಸಾರಿನಲ್ಲಿ ತೇಲುವ ನಾಲ್ಕು ಹೋಳಿನಿಂದ ಅದು ತುಂಬುವುದಿಲ್ಲ.

ಆ ತಾಯಿಗೆ ನಾನು ಹೇಳಿದ್ದಿಷ್ಟೇ: "ಮಗಳು ಸುತ್ತಲಿ, ತೊಳೆಯೋದನ್ನ ನೀವು ನೋಡ್ಕೊಳ್ಳಿ. ಆಮೇಲೆ ಇಬ್ಬರೂ ಕೂತು ತಿನ್ನಿ." ನಿಮ್ಮ ಮನೆಗೂ ಇದೇ ನನ್ನ ಸಲಹೆ.