ಎಡೆಮಟ್ಟೆ ಅರ್ಥವಾಗದವರಿಗೆ

ನಮ್ಮ ಕಳೆದ ಸಂಚಿಕೆಯ ಬಿಳಿಗೆರೆ ಊರಿನ ಕಥೆಯನ್ನು ರಾಜಧಾನಿಯ ಪತ್ರಿಕೆಯೊಂದು ‘ಗ್ರಾಮ್ಯ’ ಎಂದು ಒಂದೇ ಮಾತಿನಲ್ಲಿ ಹೀಗಳೆದಿದೆ. ಅದರಲ್ಲಿನ ಹೊಂಬಾಳೆ, ಎಡೆಮಟ್ಟೆಯಂಥ ತೆಂಗಿನ ಸೀಮೆಯ ಪದಗಳು ಓದುಗರಿಗೆ ಅರ್ಥವಾಗುವುದಿಲ್ಲವಂತೆ. ‘ಬತ್ತಾನೆ’ ಎನ್ನುವುದು ಬರವಣಿಗೆಯೇ ಅಲ್ಲವಂತೆ. ಯಾವ ಓದುಗರಿಗೆ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರು ಓದುಗರ ಲೆಕ್ಕಕ್ಕಿಲ್ಲವೆ?

ಹೀಗಳೆಯುವುದಕ್ಕೆ ಇಂಗ್ಲಿಷಿನಲ್ಲಿರುವ ‘ಬಿಲಿಟಲ್’ ಪದವೇ ಹೀಗಳೆಸಿಕೊಂಡು ಉಳಿದದ್ದು. ಅಮೆರಿಕದ ಪ್ರಾಣಿಗಳು ಯುರೋಪಿನವಕ್ಕಿಂತ ಗಿಡ್ಡ, ಅಲ್ಲಿನ ಹವೆಯೇ ಜೀವಿಗಳನ್ನು ಕುಗ್ಗಿಸುತ್ತದೆ ಎಂದು ಫ್ರಾನ್ಸಿನ ನಿಸರ್ಗವಿಜ್ಞಾನಿ ಬುಫಾನ್ ಬರೆದಿದ್ದ. ಅಮೆರಿಕದ ಥಾಮಸ್ ಜೆಫರ್ಸನ್ ವರ್ಜೀನಿಯಾ ಕುರಿತ ತನ್ನ ಪುಸ್ತಕದಲ್ಲಿ ಎರಡೂ ಖಂಡಗಳ ಪ್ರಾಣಿಗಳ ತೂಕವನ್ನು ಪಟ್ಟಿ ಮಾಡಿ ಅದನ್ನು ಅಲ್ಲಗಳೆದ. ಸಾಲದೆಂದು ಅಮೆರಿಕದ ಜಿಂಕೆ ಜಾತಿಯ ದೊಡ್ಡದೊಂದು ಮೂಸ್‌ನ ಚರ್ಮ, ಮೂಳೆಗಳನ್ನು ಪ್ಯಾರಿಸಿಗೇ ತರಿಸಿದ. ಆ ವಾದದ ನಡುವೆ, ‘ಚಿಕ್ಕದು ಮಾಡು’ ಎಂಬ ಅರ್ಥದಲ್ಲಿ, ಈ ಪದ ಅಚ್ಚಿಗೆ ಬಂತು. 1787ರಲ್ಲಿ ಪುಸ್ತಕ ಲಂಡನ್ನಿನಲ್ಲಿ ಹೊರಬಂದಾಗ ಅಲ್ಲಿನ ‘ಯುರೋಪಿಯನ್ ಮ್ಯಾಗಝೀನ್’ ಇದೆಂಥ ಪದವೆಂದು ಗೇಲಿ ಮಾಡಿತು. ಗಾತ್ರ ಕುಗ್ಗಿಸುವ ಅರ್ಥ ಬರಬರುತ್ತ ಹಿಂದೆ ಸರಿದು, ಮಾತಿನಿಂದ ಕುಗ್ಗಿಸುವ ಅರ್ಥ ನೆಲೆನಿಂತಿತು. ಈಗ ಲಂಡನ್ನಿನವರೂ ಅದನ್ನೇ ಬಳಸುತ್ತಾರೆ.

ಗೇಲಿಯಿಂದ ಪದ ಸಾಯುವುದಿಲ್ಲ. ಆದರೆ ಆಡುವ ಬಾಯಿ ಮುಚ್ಚಿಹೋಗುತ್ತದೆ; ನಮ್ಮ ಸಿಟ್ಟು ಅದಕ್ಕೆ. ಸಿನಿಮಾದಲ್ಲಿ, ಧಾರಾವಾಹಿಯಲ್ಲಿ ನಮ್ಮ ಸೀಮೆಯ ಮಾತನ್ನು ಆಳಿನ ಬಾಯಿಗೋ ಪೆದ್ದನ ಬಾಯಿಗೋ ಹಾಕುತ್ತಾರೆ. ಅದನ್ನು ನೋಡಿ ಬೆಳೆದ ಹುಡುಗಿ ಕಾಲೇಜಿಗೆ ಹೋದವಳು ಅವ್ವನ ಜೊತೆ ಫೋನಿನಲ್ಲಿ ದನಿ ತಗ್ಗಿಸಿ ಮಾತಾಡುತ್ತಾಳೆ. ಈ ಅನ್ಯಾಯಕ್ಕೆ ‘ಶಿಷ್ಟ ಕನ್ನಡ’ದ ಹೆಸರು ಹೇಳುವವರನ್ನು ನಾವು ಒಪ್ಪುವುದಿಲ್ಲ.

ಕವಿ ಬಿ.ಎಂ.ಶ್ರೀ. ಹುಟ್ಟಿದ್ದು ಇದೇ ಸೀಮೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. 1911ರಲ್ಲಿ ಧಾರವಾಡದಲ್ಲಿ ನಿಂತು ‘ಕನ್ನಡ ಮಾತು ತಲೆಯೆತ್ತುವ ಬಗೆ’ಯನ್ನು ನಾಡಿಗೆ ಹೇಳಿದವರು ಅವರು. ‘ಭಾರತೀಯ ಕಾವ್ಯಮೀಮಾಂಸೆ’ಯ ತೀ.ನಂ.ಶ್ರೀ. ಚಿಕ್ಕನಾಯಕನಹಳ್ಳಿ ಕಡೆಯ ತೀರ್ಥಪುರದವರು. 2024ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದದ್ದು ಬಿಳಿಗೆರೆಯ ಕೃಷ್ಣಮೂರ್ತಿಯವರಿಗೆ. ಈ ನೆಲದ ಮಾತಿನಲ್ಲಿ ಸಾಹಿತ್ಯ ಹುಟ್ಟೀತೇ ಎಂದು ಕೇಳುವವರು ಮೊದಲು ಇವರನ್ನು ಓದಿಕೊಂಡು ಬರಲಿ.

ಮುಂದಿನ ಸಂಚಿಕೆ ‘ತೆಂಗಿನ ಸೀಮೆಯ ಮಾತು’ ವಿಶೇಷಾಂಕ. ತೋಟದಲ್ಲಿ, ಕೊಬ್ಬರಿ ಅಟ್ಟದಲ್ಲಿ, ಸಂತೆಯಲ್ಲಿ ಕೇಳಿದ ಮಾತನ್ನು ಕೇಳಿದ ಹಾಗೇ ಬರೆದು ಕಳಿಸಿ. ತಿದ್ದದೆ ಅಚ್ಚು ಹಾಕುತ್ತೇವೆ.